ಎದೆ ಢವಗುಟ್ಟಿದವನು ಅಂಜುಬುರುಕನೇ?

ಎದೆ ಢವಢವ ಹೊಡೆದುಕೊಳ್ಳುತ್ತದೆಂದು ಗಿರಣಿಯ ಕೆಲಸಗಾರ ಹೇಳಿದರೆ ಮೇಸ್ತ್ರಿ ನಗುತ್ತಾನೆ. ಹೆಂಗಸು ಹೇಳಿದರಂತೂ ನರಗಳ ದೌರ್ಬಲ್ಯವೆಂದು ಒಂದು ಬಾಟಲಿ ಟಾನಿಕ್ಕು ಕೊಟ್ಟು ಕಳಿಸುವುದು ವಾಡಿಕೆ. ಈ ವಾಡಿಕೆ ನಿಲ್ಲಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಎಲ್ಲ ಎದೆಬಡಿತವೂ ಹೃದ್ರೋಗವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಸುಮ್ಮನೆ ಕುಳಿತ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಮೂಟೆ ಹೊತ್ತಾಗ, ಜ್ವರ ಬಂದಾಗ, ಸಿಟ್ಟೇರಿದಾಗ ಅದು ಹೆಚ್ಚುವುದು ಸಹಜ. ನಡುವೆ ಒಂದು ಬಡಿತ ತಪ್ಪಿದಂತಾಗುವುದೂ ಬಹುಮಂದಿಯಲ್ಲಿ ಕೇಡಿಲ್ಲದ್ದು. ಆದರೆ ಇದನ್ನು ಪದೇಪದೇ ತರಿಸುವ ಕಾರಣಗಳನ್ನು ಎಣಿಸಿ ನೋಡಿರಿ. ಅವುಗಳಲ್ಲಿ ಹಲವು ನಮ್ಮ ದುಡಿಮೆಯ ದಿನಚರಿಯಲ್ಲೇ ಇವೆ.

ಮೊದಲನೆಯದು ರಾತ್ರಿ ಪಾಳಿಯ ನಿದ್ದೆಗೇಡು. ತೂಕಡಿಕೆ ತಡೆಯಲು ಮೇಲಿಂದ ಮೇಲೆ ಕುಡಿಯುವ ಚಹಾ, ಸೇದುವ ಬೀಡಿ ಎರಡನೆಯದು. ಬೀಡಿಯ ನಿಕೋಟಿನ್ ಎಲ್ಲರ ಹೃದಯವನ್ನೂ ಓಡಿಸುತ್ತದೆ. ಚಹಾ ಅತಿಯಾದರೆ ಕೆಲವರಿಗೆ ಒಗ್ಗದು. ನೂಲುವ ಖಾತೆಯ ಸೆಕೆಯಲ್ಲಿ ಮೈಯ ನೀರೂ ಉಪ್ಪೂ ಬೆವರಾಗಿ ಹರಿದುಹೋದರೆ ಉಳಿದ ರಕ್ತವನ್ನು ಸುತ್ತಿಸಲು ಹೃದಯ ಹೆಚ್ಚು ಬಡಿಯಲೇಬೇಕು. ಪಗಾರದ ರಾತ್ರಿ ಮಿತಿಮೀರಿ ಕುಡಿದ ಹೆಂಡ ಗಟ್ಟಿಮುಟ್ಟಾದ ಹೃದಯದ ತಾಳವನ್ನೂ ತಪ್ಪಿಸಬಲ್ಲದು. ಸಣ್ಣ ವ್ಯಾಪಾರಿಗೆ ಉದ್ರಿ ವಸೂಲಾಗದ ಚಿಂತೆ, ಸಾಲದ ಬಡ್ಡಿಯ ಚಿಂತೆ. ಚಿಂತೆಯಿಂದ ಎದೆ ಹೊಡೆದುಕೊಳ್ಳುವುದು ನಾಟಕವಲ್ಲ, ಅದು ದೇಹದ ಧರ್ಮ.

ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸರಲ್ಲಿ 25 ಮಂದಿಗೆ ರಕ್ತ ಸಾಲದು. ಮನೆಯವರೆಲ್ಲ ಉಂಡಮೇಲೆ ಉಳಿದದ್ದನ್ನು ಉಣ್ಣುವ ತಾಯಿಗೆ "ನಿನಗೆ ಹೆದರಿಕೆ" ಎನ್ನುವುದು ಯಾವ ನ್ಯಾಯ? ಥೈರಾಯಿಡ್ ಗ್ರಂಥಿಯ ಅತಿ ಚಟುವಟಿಕೆಯೂ ಹೀಗೆಯೇ ಹೆದರಿಕೆಯ ವೇಷದಲ್ಲಿ ಬರುತ್ತದೆ. ಎರಡನ್ನೂ ರಕ್ತ ಪರೀಕ್ಷೆಯಿಂದ ಪತ್ತೆ ಮಾಡಬಹುದು, ಎರಡಕ್ಕೂ ಔಷಧವುಂಟು.

ಎಲ್ಲಕ್ಕಿಂತ ಮೋಸದ್ದು ರುಮ್ಯಾಟಿಕ್ ಜ್ವರ. ಇಕ್ಕಟ್ಟಾದ ವಠಾರಗಳಲ್ಲಿ ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಕೆಲವರಿಗೆ ಆಮೇಲೆ ಕೀಲುಗಳು ಊದುತ್ತವೆ, ವಾಸಿಯೂ ಆಗುತ್ತದೆ. ಆದರೆ ಹೃದಯದ ಕವಾಟ ಕೆಟ್ಟು, ವರ್ಷಗಳ ಮೇಲೆ ಬಡಿತ ತಾಳ ತಪ್ಪುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಪಾರ್ಶ್ವವಾಯು. ಗಂಟಲು ನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಸಿಕ್ಕಿದ್ದರೆ ತಡೆಯಬಹುದಾಗಿದ್ದ ರೋಗವಿದು!

ಆದುದರಿಂದ ಬಂಧುಗಳೇ, ಎದೆ ಹೊಡೆದುಕೊಂಡಾಗ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿರಿ. ತಾಳ ಸಮವಿದೆಯೇ ನೋಡಿರಿ. ಜೊತೆಗೆ ಎದೆನೋವು, ಉಬ್ಬಸ ಅಥವಾ ಮೂರ್ಛೆ ಬಂದರೆ ಪಾಳಿ ಮುಗಿಯಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿರಿ. ಮನೆತನದಲ್ಲಿ ಎಳೆಯ ವಯಸ್ಸಿನವರು ಹಠಾತ್ತನೆ ಸತ್ತಿದ್ದರೆ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಿರಿ.

ಬೀಡಿ ಬಿಡಿ, ಚಿಂತೆ ಬಿಡಿ ಎಂಬ ಉಪದೇಶ ಸರಿಯೇ. ಆದರೆ ಪಾಳಿಯ ಸರದಿಯನ್ನು ಸರಿಪಡಿಸುವವರು ಯಾರು? ಯಂತ್ರದ ಬಳಿ ತಣ್ಣೀರು ಇಡುವವರು ಯಾರು? 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ.ಗೆ ಕಾರ್ಮಿಕನ ಕೂಲಿಯಿಂದಲೂ ವಂತಿಗೆ ಸಂದಾಯವಾಗುತ್ತದೆ. ಅಲ್ಲಿ ರಕ್ತ ಪರೀಕ್ಷೆ, ಇ.ಸಿ.ಜಿ. ಕೇಳುವುದು ಭಿಕ್ಷೆಯಲ್ಲ. ತಾನೇ ಮಾಲೀಕ, ತಾನೇ ಆಳು ಆದ ಅಂಗಡಿಕಾರನಿಗೆ ಆ ಚೀಟಿಯೂ ಇಲ್ಲ. ಅವನಿಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಇವೆರಡೂ ಪುಕ್ಕಟೆಯಾಗಿ, ಅಲೆದಾಟವಿಲ್ಲದೆ ಸಿಗಬೇಕು. ಗಿರಣಿಯ ಯಂತ್ರ ಅಪಸ್ವರ ಮಾಡಿದರೆ ಒಡನೆಯೇ ಫಿಟ್ಟರನ್ನು ಕರೆಸುತ್ತಾರೆ. ಅದನ್ನು ನಡೆಸುವವನ ಎದೆಗೆ ಅಷ್ಟಾದರೂ ಬೆಲೆ ಬರಲಿ.