ಕೈಗೆ ಗೊತ್ತಿರಬೇಕು
ಎದುರುಮನೆಯ ಹುಡುಗಿ ಸಿಎ ಇಂಟರ್‌ಗೆ ಓದುತ್ತಿದ್ದಾಳೆ. ಅವಳ ಅಡ್ವಾನ್ಸ್‌ಡ್ ಅಕೌಂಟಿಂಗ್ ಪುಸ್ತಕದಲ್ಲಿ ಹೈಲೈಟರ್ ಬೀಳದ ಸಾಲು ಹುಡುಕಬೇಕು, ಹೋಳಿ ಆಡಿದ ಹಾಗಿದೆ. ‘ಮೂರು ಸಲ ಓದಿದೀನಿ ಅಂಕಲ್’ ಅಂದಳು. ಸುಳ್ಳಲ್ಲ, ಓದಿದ್ದಾಳೆ. ಆದರೆ ಕ್ಯಾಶ್ ಫ್ಲೋ ಲೆಕ್ಕವೊಂದನ್ನು ಉತ್ತರ ಮುಚ್ಚಿಟ್ಟು ಮಾಡು ಅಂದಾಗ ಪೆನ್ನು ಸವಕಳಿಯ ಹತ್ತಿರ ನಿಂತುಬಿಟ್ಟಿತು: ಕೂಡಬೇಕೋ, ಕಳೆಯಬೇಕೋ? ಅದು ದುಡ್ಡು ಹೊರಗೆ ಹೋಗದ ಖರ್ಚು, ಲಾಭಕ್ಕೆ ವಾಪಸ್ ಕೂಡಬೇಕು ಅಂತ ಬಾಯಲ್ಲಿ ಹೇಳಬಲ್ಲಳು, ಕೈಗೆ ಗೊತ್ತಿರಲಿಲ್ಲ. ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸುವುದೆಂದರೆ ಬಾವಿಕಟ್ಟೆ ಮೇಲೆ ಕೂತು ಈಜು ಕಲಿತ ಹಾಗೆ. ಪರೀಕ್ಷೆಯಲ್ಲಿ ಮೂರು ಗಂಟೆಗೆ 100 ಅಂಕ. 30 ಬಹು ಆಯ್ಕೆಯವು, ಉಳಿದ 70 ಬರೆದೇ ಗಳಿಸಬೇಕು. ಅಂಕವೊಂದಕ್ಕೆ ಎರಡು ನಿಮಿಷವೂ ಇಲ್ಲ. ಪ್ರತಿ ಪತ್ರಿಕೆಯಲ್ಲೂ 40 ಬಂದರೆ ಸಾಲದು, ಗ್ರೂಪಿನ ಪತ್ರಿಕೆಗಳೆಲ್ಲ ಸೇರಿ ಒಟ್ಟು ಮೊತ್ತ ಶೇ 50 ಮುಟ್ಟಬೇಕು. ಬಹಳ ಮಂದಿ ಜಾರುವುದು ಈ ಎರಡನೇ ಮೆಟ್ಟಿಲಲ್ಲೇ ಎಂದು ನನ್ನ ಗುಮಾನಿ. ಸಿಎ ಇನ್‌ಸ್ಟಿಟ್ಯೂಟಿನ ಮಾಕ್ ಟೆಸ್ಟ್ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಮೊಬೈಲು ಅಮ್ಮನ ಕೈಗೆ ಕೊಟ್ಟು, ಗಡಿಯಾರ ಮುಂದಿಟ್ಟುಕೊಂಡು, ಬೆನ್ನು ನೋಯುವ ತನಕ ಬರೆಯಬೇಕು. ವರ್ಕಿಂಗ್ ನೋಟ್ಸನ್ನು ಚೀಟಿಯ ಮೂಲೆಯಲ್ಲಿ ಗೀಚಿ ಬಿಸಾಡುವ ಚಾಳಿ ಬೇಡ. ಕೊನೆಯ ಮೊತ್ತ ತಪ್ಪಿದರೂ ಹಂತಕ್ಕೆ ಅಂಕ ಉಂಟು. ತಪ್ಪಿದ ಲೆಕ್ಕಗಳಿಗೆ ಬೇರೆ ನೋಟ್‌ಬುಕ್ಕು ಇಟ್ಟು ಹತ್ತು ದಿನ ಬಿಟ್ಟು ಮತ್ತೆ ಮಾಡು ಅಂದೆ. ಮೊನ್ನೆ ಸಿಕ್ಕಾಗ ಹೈಲೈಟರನ್ನೆಲ್ಲ ತಮ್ಮನಿಗೆ ಕೊಟ್ಟುಬಿಟ್ಟೆ ಅಂದಳು. ಅವರ ಕಾಂಪೌಂಡ್ ಗೋಡೆ ಈಗ ಹಳದಿ, ಗುಲಾಬಿ.