ಅಳಿಸಿಹೋದ ಕಡತವನ್ನು ಮರಳಿ ಪಡೆಯುವ ಬಗೆ

ಹಿಂದಿನ ಕಾಲದಲ್ಲಿ ಮನೆತನದ ಕಾಗದಪತ್ರಗಳು ಕಟ್ಟಿಗೆಯ ಪೆಟ್ಟಿಗೆಯಲ್ಲಿಯೋ ಬಟ್ಟೆಯ ಗಂಟಿನಲ್ಲಿಯೋ ಇರುತ್ತಿದ್ದವು. ಗೆದ್ದಲು, ಮಳೆ, ಬೆಂಕಿ ಇವೇ ಅವುಗಳ ಶತ್ರುಗಳು. ಇಂದು ಅದೇ ಸಂಪತ್ತು ಗಣಕಯಂತ್ರವನ್ನೂ ಕೈಫೋನನ್ನೂ ಸೇರಿದೆ. ಅಜ್ಜನವರು ಹೇಳಿ ಬರೆಯಿಸಿದ ವಂಶಾವಳಿ, ಮಗಳ ಸಂಶೋಧನಾ ಪ್ರಬಂಧ, ಅಂಗಡಿಯ ಲೆಕ್ಕಪತ್ರ, ಮದುವೆಯ ಛಾಯಾಚಿತ್ರಗಳು, ಅಗಲಿದ ತಾಯಿಯವರ ಧ್ವನಿ, ಎಲ್ಲವೂ ಅಲ್ಲಿಯೇ ಇವೆ. ಪೆಟ್ಟಿಗೆಯನ್ನು ತಿಂದುಹಾಕಲು ಗೆದ್ದಲಿಗೆ ಅನೇಕ ದಿನಗಳು ಬೇಕಾಗುತ್ತಿದ್ದವು. ಇಂದಿನ ಕಡತಕ್ಕೆ ಬೆರಳಿನ ಒಂದು ಒತ್ತು ಸಾಕು. ಬ್ಯಾಕಪ್ ಎಂದು ಕರೆಯಲಾಗುವ ಮರುಪ್ರತಿಯೂ ಇಲ್ಲದಿದ್ದರೆ ಮನೆಯವರ ಸಂಕಟ ಹೇಳತೀರದು. ಅಂಥ ಗಳಿಗೆಯಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಮೊದಲು ತಿಳಿಯಬೇಕಾದದ್ದು, ಅಳಿಸುವುದೆಂದರೇನು ಎಂಬುದು. ಹಾರ್ಡ್ ಡಿಸ್ಕಿನಲ್ಲಿ ಕಡತದ ಒಡಲು ಒಂದು ಕಡೆ ಇರುತ್ತದೆ; ಅದರ ಹೆಸರು, ಅದು ಇರುವ ಸ್ಥಳ ಇವುಗಳ ವಿವರ ಇನ್ನೊಂದು ಪಟ್ಟಿಯಲ್ಲಿ ಇರುತ್ತದೆ. ನಾವು ಅಳಿಸಿದಾಗ ಯಂತ್ರವು ಪಟ್ಟಿಯಲ್ಲಿ ಗುರುತು ಹಾಕಿ, ಆ ಜಾಗ ಖಾಲಿಯೆಂದು ಬರೆದುಕೊಳ್ಳುತ್ತದೆಯೇ ಹೊರತು ಒಡಲನ್ನು ಮುಟ್ಟುವುದಿಲ್ಲ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲವು ಮಾಯವಾಗುವುದಿಲ್ಲವಷ್ಟೆ. ಆದರೆ ದಾಖಲೆಯಲ್ಲಿ ಖಾಲಿಯೆಂದು ಕಂಡ ಹೊಲದಲ್ಲಿ ಬೇರೊಬ್ಬರು ನೇಗಿಲು ಹೂಡಿ ಬಿತ್ತಿದರೆ, ಹಿಂದಿನ ಬೆಳೆಯನ್ನು ಹುಡುಕುವುದು ವ್ಯರ್ಥ. ಕಡತದ ಗತಿಯೂ ಇದೇ. ಅದು ನಾಶವಾಗುವುದು ಅಳಿಸಿದಾಗಲ್ಲ. ಅದರ ಜಾಗದಲ್ಲಿ ಹೊಸದನ್ನು ಬರೆದಾಗ.

ಈ ಸತ್ಯವನ್ನು ಬಲ್ಲವರು ಬಹು ಹಿಂದೆಯೇ ಅದರ ಉಪಯೋಗ ಪಡೆದರು. 1982ರಲ್ಲಿ ಅಮೆರಿಕದ ಪೀಟರ್ ನಾರ್ಟನ್ ಅವರು ಹೊರತಂದ ತಂತ್ರಾಂಶ ಸಂಗ್ರಹದಲ್ಲಿ ಅಳಿಸಿದ ಕಡತವನ್ನು ಮರಳಿಸುವ ಸಾಧನವಿದ್ದಿತು. 1991ರ ಎಂ.ಎಸ್. ಡಾಸ್ 5ನೆಯ ಆವೃತ್ತಿಯಲ್ಲಿ ‘ಅನ್‌ಡಿಲೀಟ್’ ಎಂಬ ಆದೇಶವೇ ಸೇರಿತು. ಆ ವ್ಯವಸ್ಥೆಯಲ್ಲಿ ಕಡತವನ್ನು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರದ ಮೇಲೆ ಮಾತ್ರ ಒಂದು ಗುರುತು ಬೀಳುತ್ತಿತ್ತು. ಆದಕಾರಣ ಮರಳಿ ಪಡೆಯುವಾಗ ಯಂತ್ರವು ‘ಮೊದಲ ಅಕ್ಷರ ಯಾವುದು?’ ಎಂದು ಬಳಕೆದಾರರನ್ನೇ ಕೇಳುತ್ತಿತ್ತು. ವಿಂಡೋಸ್ 95ರಲ್ಲಿ ‘ರಿಸೈಕಲ್ ಬಿನ್’ ಎಂಬ ಬುಟ್ಟಿ ಬಂದ ಮೇಲೆ ಸಾಮಾನ್ಯ ತಪ್ಪುಗಳಿಗೆ ಪರಿಹಾರ ಸುಲಭವಾಯಿತು.

ಇಷ್ಟನ್ನು ತಿಳಿದ ಮೇಲೆ ಮೊದಲ ಕರ್ತವ್ಯ ತಾನಾಗಿಯೇ ಹೊಳೆಯುತ್ತದೆ. ಅದು ಸುಮ್ಮನಿರುವುದು. ಕಡತ ಹೋಯಿತೆಂದು ಗೊತ್ತಾದ ಕೂಡಲೇ ಗಾಬರಿಗೊಂಡು ಅಂತರ್ಜಾಲವನ್ನು ತಡಕುವುದು, ಸಿಕ್ಕ ತಂತ್ರಾಂಶವನ್ನು ಅದೇ ಯಂತ್ರದೊಳಗೆ ಸ್ಥಾಪಿಸುವುದು, ಹತ್ತಾರು ಬಾರಿ ಯಂತ್ರವನ್ನು ಆರಿಸಿ ಹಚ್ಚುವುದು ಇವೆಲ್ಲವೂ ಖಾಲಿಯೆಂದು ಗುರುತಾದ ಜಾಗದ ಮೇಲೆ ಹೊಸದನ್ನು ಬರೆಯುವ ಕೆಲಸಗಳೇ. ಅಂತರ್ಜಾಲದ ಒಂದು ಪುಟವನ್ನು ತೆರೆದರೂ ಯಂತ್ರವು ಅದರ ಚಿತ್ರಗಳನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಮರಳಿ ತರಬೇಕೆಂಬ ಆತುರವೇ ಇದ್ದುದನ್ನೂ ಕಳೆಯುವುದು ಹೀಗೆ. ಪೆನ್ ಡ್ರೈವ್ ಅಥವಾ ಕ್ಯಾಮೆರಾದ ಮೆಮೊರಿ ಕಾರ್ಡ್ ಆಗಿದ್ದರೆ ಅದನ್ನು ಹೊರತೆಗೆದು ಬದಿಗಿಡಿರಿ. ಆ ಕಾರ್ಡಿನಲ್ಲಿ ಇನ್ನೊಂದು ಚಿತ್ರವನ್ನೂ ತೆಗೆಯಬೇಡಿರಿ. ಗಣಕಯಂತ್ರದ ಒಳಗಿನ ಡಿಸ್ಕ್ ಆಗಿದ್ದರೆ, ಬುಟ್ಟಿಯನ್ನು ಒಮ್ಮೆ ನೋಡಿ, ಅಲ್ಲಿ ಇಲ್ಲವೆಂದಾದರೆ ಯಂತ್ರವನ್ನು ಆರಿಸಿಬಿಡಿರಿ. ಶಿಫ್ಟ್ ಕೀಲಿಯೊಡನೆ ಅಳಿಸಿದ ಕಡತಗಳೂ ಪೆನ್ ಡ್ರೈವಿನಿಂದ ಅಳಿಸಿದ ಕಡತಗಳೂ ಸಾಮಾನ್ಯವಾಗಿ ಆ ಬುಟ್ಟಿಗೆ ಬೀಳುವುದಿಲ್ಲವೆಂಬುದನ್ನು ನೆನಪಿಡಬೇಕು.

ಎರಡನೆಯದು, ಮರುಪ್ರತಿ ಇಲ್ಲವೆಂದು ನಾವು ತಿಳಿದಾಗಲೂ ಅದು ಎಲ್ಲಿಯೋ ಇರುವ ಸಂಭವವುಂಟು. ಇದನ್ನು ಬೇರೊಂದು ಯಂತ್ರದಿಂದ ಹುಡುಕಬೇಕು. ಗೂಗಲ್ ಡ್ರೈವಿನಲ್ಲಿ ಅಳಿಸಿದ್ದು 30 ದಿನಗಳ ಕಾಲ ಅಲ್ಲಿಯ ಬುಟ್ಟಿಯಲ್ಲಿ ಇರುತ್ತದೆ. ಗೂಗಲ್ ಫೋಟೋಸ್‌ಗೆ ಸೇರಿದ್ದ ಚಿತ್ರಗಳು 60 ದಿನ ಇರುತ್ತವೆ. ಐಫೋನಿನಲ್ಲಿ ಅಳಿಸಿದ ಚಿತ್ರಗಳು ಸಾಮಾನ್ಯವಾಗಿ 30 ದಿನ. ಮಿಂಚಂಚೆಯಲ್ಲಿ ಕಳುಹಿಸಿದವುಗಳ ಪಟ್ಟಿಯನ್ನು ನೋಡಿರಿ. ಮಗಳ ಪ್ರಬಂಧದ ಹಿಂದಿನ ಕರಡು ಮಾರ್ಗದರ್ಶಕರ ಬಳಿ ಇರಬಹುದು. ಲಗ್ನಪತ್ರಿಕೆಯ ಕಡತ ಮುದ್ರಣಾಲಯದಲ್ಲಿರಬಹುದು. ಮದುವೆಯ ಚಿತ್ರಗಳು ಛಾಯಾಗ್ರಾಹಕರಲ್ಲಿಯೋ ಬೀಗರ ವಾಟ್ಸಾಪಿನಲ್ಲಿಯೋ ಇರಬಹುದು. ವಾಟ್ಸಾಪಿನಲ್ಲಿ ಬಂದ ಚಿತ್ರದ ಸ್ಪಷ್ಟತೆ ಮೂಲದಷ್ಟು ಇರುವುದಿಲ್ಲವಾದರೂ ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ನಾಲ್ಕಾರು ಬಂಧುಗಳಿಗೆ ಸಂಕೋಚವಿಲ್ಲದೆ ಫೋನು ಮಾಡುವುದು ಯಾವ ತಂತ್ರಾಂಶಕ್ಕೂ ಕಡಿಮೆಯಾದ ಉಪಾಯವಲ್ಲ.

ಇಷ್ಟಾದರೂ ಸಿಗದಿದ್ದರೆ ಡಿಸ್ಕನ್ನೇ ಶೋಧಿಸಬೇಕು. ಬಲ್ಲವರಿಂದ ಡಿಸ್ಕನ್ನು ಬಿಚ್ಚಿಸಿ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಅಲ್ಲಿ ಶೋಧನ ತಂತ್ರಾಂಶವನ್ನು ನಡೆಸುವುದು ಸರಿಯಾದ ಕ್ರಮ. ದೊರೆತ ಕಡತಗಳನ್ನು ಅದೇ ಡಿಸ್ಕಿಗೆ ಇಳಿಸಕೂಡದು. ಬೇರೊಂದು ಡಿಸ್ಕಿಗೆ ಇಳಿಸಬೇಕು. ಕ್ರಿಸ್ಟೋಫ್ ಗ್ರೆನಿಯೇ ಅವರು ರಚಿಸಿದ ‘ಫೋಟೋರೆಕ್’ ಉಚಿತವಾಗಿ ದೊರೆಯುವ ಹೆಸರಾಂತ ಸಾಧನ. ಹೆಸರಿನಲ್ಲಿ ಫೋಟೋ ಎಂದಿದ್ದರೂ ಅದು ಅನೇಕ ಬಗೆಯ ಕಡತಗಳನ್ನು ಹುಡುಕುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯೂ 2020ರಲ್ಲಿ ‘ವಿಂಡೋಸ್ ಫೈಲ್ ರಿಕವರಿ’ ಎಂಬುದನ್ನು ಉಚಿತವಾಗಿ ಒದಗಿಸಿತು. ಅದನ್ನು ಆದೇಶಗಳನ್ನು ಬೆರಳಚ್ಚಿಸಿ ನಡೆಸಬೇಕಾದುದರಿಂದ ಬಲ್ಲವರ ನೆರವು ಬೇಕಾದೀತು. ಫೋಟೋರೆಕ್ ಹೆಸರಿನ ಪಟ್ಟಿಯನ್ನು ನಂಬಿ ಕೂರುವುದಿಲ್ಲ. ಬಹುತೇಕ ಬಗೆಯ ಕಡತಗಳಿಗೆ ಆರಂಭದಲ್ಲಿ ಒಂದು ನಿಶ್ಚಿತ ಗುರುತು ಇರುತ್ತದೆ; ಅದನ್ನು ಹುಡುಕುತ್ತ ಡಿಸ್ಕಿನ ಉದ್ದಕ್ಕೂ ಸಾಗುತ್ತದೆ. ಆದುದರಿಂದ ಒಡಲು ಸಿಕ್ಕರೂ ಹೆಸರು ಸಿಗುವುದಿಲ್ಲ. ಸಾವಿರಾರು ಕಡತಗಳು ಬರಿಯ ಸಂಖ್ಯೆಗಳ ಹೆಸರಿನಲ್ಲಿ ಬಂದು ಬೀಳುತ್ತವೆ. ಕಾಳು ಆರಿಸಿದಂತೆ ಕುಳಿತು ಆರಿಸಬೇಕು. ಈ ಕೆಲಸಕ್ಕೆ ಮನೆಯ ಹಿರಿಯರ ತಾಳ್ಮೆಯೇ ಬೇಕು.

ಇಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಮನೆಗಳ ಹಳೆಯ ಬರವಣಿಗೆ ಬಹಳಷ್ಟು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿದೆ. ಅಂಥ ಕಡತವನ್ನು ಮರಳಿ ಪಡೆದು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅದನ್ನು ಮತ್ತೆ ಅಳಿಸಿಬಿಟ್ಟರೆ ಕೈಗೆ ಬಂದ ತುತ್ತನ್ನು ನಾವೇ ಚೆಲ್ಲಿದಂತಾಗುತ್ತದೆ. ತಕ್ಕ ಅಕ್ಷರವಿನ್ಯಾಸವನ್ನು ಯಂತ್ರಕ್ಕೆ ಸೇರಿಸಿ, ಬರವಣಿಗೆಯನ್ನು ಆ ಅಕ್ಷರಕ್ಕೆ ಬದಲಿಸಿ ನೋಡಿರಿ. ಅಜ್ಜನವರ ವಂಶಾವಳಿ ಪರದೆಯ ಮೇಲೆ ಮೂಡೀತು. ಆಮೇಲೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದಿನ ಪೀಳಿಗೆಗೆ ಈ ತೊಡಕು ಇರುವುದಿಲ್ಲ.

ಎಲ್ಲ ಕಡೆಯೂ ಈ ಉಪಾಯ ಫಲಿಸುವುದೆಂದು ಹೇಳಿದರೆ ಸುಳ್ಳಾದೀತು. ಹೊಸ ಗಣಕಯಂತ್ರಗಳಲ್ಲಿ ತಿರುಗುವ ಡಿಸ್ಕಿನ ಬದಲು ಎಸ್.ಎಸ್.ಡಿ. ಇರುತ್ತದೆ. ಅದರಲ್ಲಿ ‘ಟ್ರಿಮ್’ ಎಂಬ ಏರ್ಪಾಡು ಉಂಟು. ಅಳಿಸಿದ ಜಾಗ ಯಾವುದೆಂದು ತಿಳಿದೊಡನೆ ಎಸ್.ಎಸ್.ಡಿ.ಯು ಬಿಡುವಿನ ವೇಳೆಯಲ್ಲಿ ಅದನ್ನು ತಾನೇ ಹಸನು ಮಾಡಿ ಮುಂದಿನ ಬಿತ್ತನೆಗೆ ಸಿದ್ಧವಾಗಿಡುತ್ತದೆ. ಆದ್ದರಿಂದ ಅಲ್ಲಿ ಆಸೆ ಬಹು ಕಡಿಮೆ. ಇಂದಿನ ಕೈಫೋನುಗಳಲ್ಲಿ ಕಡತಗಳು ಗೂಢಲಿಪಿಯಲ್ಲಿ ಇರುವುದರಿಂದ ಬುಟ್ಟಿಯನ್ನೂ ದಾಟಿ ಹೋದದ್ದನ್ನು ಮರಳಿಸುವುದು ಬಹುಮಟ್ಟಿಗೆ ಅಸಾಧ್ಯ. ಇನ್ನು ಹಾರ್ಡ್ ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಅದು ಯಂತ್ರದೋಷ. ಯಾವ ತಂತ್ರಾಂಶವನ್ನೂ ನಡೆಸದೆ ಕೂಡಲೇ ಆರಿಸಿ ನುರಿತ ಪ್ರಯೋಗಾಲಯಕ್ಕೆ ಒಯ್ಯಬೇಕು. ಅಂಗಡಿಯವರಿಗೆ ಒಪ್ಪಿಸುವಾಗ ಡಿಸ್ಕಿನ ಪೂರ್ಣ ಪ್ರತಿಯನ್ನು ಮೊದಲು ತೆಗೆದು ಆ ಪ್ರತಿಯ ಮೇಲೆಯೇ ಕೆಲಸ ಮಾಡುವರೇ ಎಂದು ಕೇಳಿರಿ. ಕಡತ ಸಿಗದಿದ್ದರೆ ಹಣವೆಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಮನೆಯ ಹೆಣ್ಣುಮಕ್ಕಳ ಚಿತ್ರಗಳೂ ಬ್ಯಾಂಕಿನ ಕಾಗದಗಳೂ ಅದರೊಳಗೆ ಇರುವುದರಿಂದ ವಿಶ್ವಾಸಾರ್ಹರಲ್ಲದವರ ಕೈಗೆ ಕೊಡುವುದು ಹಿತವಲ್ಲ.

ಇಂಥ ಆಪತ್ತು ಸಾಮಾನ್ಯ ಗೃಹಸ್ಥರಿಗೆ ಮಾತ್ರ ಬರುವುದೆಂದು ಯಾರೂ ಕುಗ್ಗಬೇಕಾಗಿಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಎಂಬ ಮಕ್ಕಳ ಚಲನಚಿತ್ರ ಸಿದ್ಧವಾಗುತ್ತಿದ್ದಾಗ ಯಾರೋ ಒಬ್ಬರು ಅಳಿಸುವ ಆದೇಶವನ್ನು ಕೊಡಬಾರದ ಜಾಗದಲ್ಲಿ ಕೊಟ್ಟರು. ನೋಡನೋಡುತ್ತಲೇ ಪಾತ್ರಗಳ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದವು. ತಂತ್ರಜ್ಞ ಓರೆನ್ ಜೇಕಬ್ ಅವರು ಯಂತ್ರಗಳ ಕೋಣೆಗೆ ದೂರವಾಣಿ ಮಾಡಿ ವಿದ್ಯುತ್ ಸಂಪರ್ಕವನ್ನೇ ಕಿತ್ತುಹಾಕಲು ಹೇಳಿದರು. ಸಂಸ್ಥೆಯಲ್ಲಿ ಮರುಪ್ರತಿಯ ವ್ಯವಸ್ಥೆ ಇದ್ದಿತು. ಆದರೆ ಅದು ಕೆಲವು ವಾರಗಳಿಂದ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕಡೆಗೆ ಕಾಪಾಡಿದವರು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ. ಆಗತಾನೆ ಬಾಣಂತನ ಮುಗಿಸಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆ ತಾಯಿಯ ಗಣಕಯಂತ್ರದಲ್ಲಿ ಚಿತ್ರದ ಪ್ರತಿಯಿದ್ದಿತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಮೋಟಾರಿನಲ್ಲಿ ಜೋಪಾನವಾಗಿ ಸಂಸ್ಥೆಗೆ ತಂದರು. 1999ರ ನವೆಂಬರಿನಲ್ಲಿ ಚಿತ್ರ ತೆರೆಕಂಡಿತು.

ಈ ಘಟನೆಯಲ್ಲಿ ಮನೆಮನೆಗೂ ಬೇಕಾದ ಎರಡು ಪಾಠಗಳಿವೆ. ಮರುಪ್ರತಿ ಇದ್ದರೆ ಸಾಲದು. ಅದನ್ನು ಆಗಾಗ ತೆರೆದು ನೋಡಬೇಕು. ಅದು ಒಂದೇ ಸೂರಿನಡಿ ಇದ್ದರೆ ಸಾಲದು. ಇನ್ನೊಂದು ಮನೆಯಲ್ಲಿಯೂ ಇರಬೇಕು. ಅಣ್ಣನ ಮನೆಯ ಪ್ರತಿ ತಮ್ಮನ ಮನೆಯಲ್ಲಿಯೂ, ತವರಿನ ಪ್ರತಿ ಮಗಳ ಮನೆಯಲ್ಲಿಯೂ ಇರಲಿ. ವ್ಯಾಪಾರಸ್ಥರ ಮನೆಗಳಲ್ಲಿ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವ ರೂಢಿಯುಂಟು. ಅದರ ಜೊತೆಗೆ, ಹಾಗೆಯೇ ಯುಗಾದಿಯಂದೂ, ಮನೆಯ ಕಡತಗಳನ್ನು ಒಂದು ಹೊರಡಿಸ್ಕಿಗೆ ಇಳಿಸಿ, ತೆರೆದು ಪರೀಕ್ಷಿಸಿ, ಬಂಧುಗಳ ಕೈಗೆ ಒಪ್ಪಿಸುವ ರೂಢಿಯನ್ನೂ ಬೆಳೆಸಬಹುದಲ್ಲವೇ? ನಿತ್ಯ ಬದಲಾಗುವ ಬರವಣಿಗೆಗೆ ಇಷ್ಟು ಸಾಲದು. ಅದರ ಪ್ರತಿಯನ್ನು ಅಂದಂದೇ ತೆಗೆಯಬೇಕು.

ಆದರೂ ಕೇಡು ಸಂಭವಿಸಿದಾಗ ಅಳಿಸಿದ ಮಗುವನ್ನೋ ಸೊಸೆಯನ್ನೋ ಬೈಯುತ್ತ ಕೂರುವುದರಿಂದ ಒಂದಕ್ಷರವೂ ಮರಳಿ ಬಾರದು. ಬೈಗುಳಕ್ಕೆ ಅಂಜಿದವರು ನಡೆದುದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಪ್ರತಿಯೊಂದು ಗಳಿಗೆಯೂ ಕಡತದ ಮೇಲೆ ಹೊಸ ಬರವಣಿಗೆಯನ್ನು ಬರೆಯಿಸುತ್ತದೆ. ಅಳಿಸಿದವರು ಕೂಡಲೇ ಬಂದು ಹೇಳುವಷ್ಟು ಧೈರ್ಯ ಮನೆಯಲ್ಲಿ ಇರಲಿ. ಕೇಳಿದವರು ಯಂತ್ರವನ್ನು ಆರಿಸುವಷ್ಟು ಸಮಾಧಾನ ತಂದುಕೊಳ್ಳಲಿ. ಇದೇ ನಮ್ಮ ಬಂಧುಗಳಲ್ಲಿ ನಾವು ಮಾಡುವ ವಿನಂತಿ.