ಆಟೋ ಬಟನ್ ಮೇಲೆ ಟೇಪ್ ಅಂಟಿಸಿ: ಆಸಿಲೋಸ್ಕೋಪ್ ಬಗ್ಗೆ ಒಂದು ತಕರಾರು

ಭಾಗ 1/6: ಅಲೆ ಬಂತು, ಆಮೇಲೆ?

ಲ್ಯಾಬ್‌ನಲ್ಲಿ ಆಸಿಲೋಸ್ಕೋಪ್ ಮುಂದೆ ಕೂತ ತಕ್ಷಣ ನಮ್ಮ ಹುಡುಗ್ರು ಹುಡುಗೀರು ಮಾಡೋ ಮೊದಲ ಕೆಲಸ ಏನು ಹೇಳಿ? ಪ್ರೋಬ್ ಸಿಕ್ಕಿಸೋದು, ಆಟೋ ಬಟನ್ ಒತ್ತೋದು. ಟಕ್ ಅಂತ ಒಂದು ರಿಲೇ ಸದ್ದು, ಪರದೆ ಮೇಲೆ ಚೆಂದದ ಸೈನ್ ಅಲೆ. ಫೋಟೋ ತೆಗೆದು ರೆಕಾರ್ಡ್ ಪುಸ್ತಕಕ್ಕೆ ಇಳಿಸಿದ್ರೆ ಪ್ರಯೋಗ ಮುಗೀತು.

ನನ್ನ ತಕರಾರು ಇಷ್ಟೇ: ಅಲ್ಲಿ ಅಲೆ ನೋಡಿದ್ದು ಸ್ಕೋಪ್, ನಾವಲ್ಲ. ಎಷ್ಟು ಹೊತ್ತಿನ ಕಿಟಕಿ ತೆರೀಬೇಕು, ಯಾವ ಕ್ಷಣದಲ್ಲಿ ಚಿತ್ರ ಹಿಡೀಬೇಕು ಅನ್ನೋ ಎರಡು ಪ್ರಶ್ನೆಗಳಿಗೆ ಉತ್ತರ ಕೊಡೋದೇ ಈ ಉಪಕರಣದ ಅರ್ಧ ವಿದ್ಯೆ. ಮೊದಲನೆಯದು ಟೈಮ್‌ಬೇಸ್, ಎರಡನೆಯದು ಟ್ರಿಗರ್. ಆ ಎರಡನ್ನೂ ಒಂದು ಬಟನ್‌ಗೆ ಒಪ್ಪಿಸಿ ನಾಲ್ಕು ವರ್ಷ ಕಳೆದವರು, ಕೆಲಸಕ್ಕೆ ಸೇರಿ ಒಂದು ಕೆಟ್ಟ ಬೋರ್ಡ್ ಮುಂದೆ ಕೂತಾಗ ಕೈಚೆಲ್ಲಿಬಿಡ್ತಾರೆ. ಯಾಕಂದ್ರೆ ಕೆಟ್ಟ ಬೋರ್ಡ್ ಆಟೋ ಬಟನ್‌ಗೆ ಕಾಣಿಸಿಕೊಳ್ಳೋದಿಲ್ಲ.

ಮುಂದೆ ಹೋಗೋ ಮೊದಲು ಒಂದು ಗೊಂದಲ ಬಗೆಹರಿಸೋಣ. ಸ್ಕೋಪ್‌ನಲ್ಲಿ ಎರಡು "ಆಟೋ" ಇವೆ. ಒಂದು ಆಟೋಸೆಟ್ ಬಟನ್: ವೋಲ್ಟ್, ಟೈಮ್, ಟ್ರಿಗರ್ ಎಲ್ಲವನ್ನೂ ಅದೇ ಊಹಿಸಿ ಇಡುತ್ತೆ. ಇನ್ನೊಂದು ಆಟೋ ಟ್ರಿಗರ್ ಮೋಡ್: ಟ್ರಿಗರ್ ಸಿಗದಿದ್ರೂ ಸ್ವಲ್ಪ ಹೊತ್ತು ಕಾದು ಚಿತ್ರ ಬರೆದುಬಿಡುತ್ತೆ. ಆಟೋಸೆಟ್ ಒತ್ತಿದ ಮೇಲೆ ಸಾಮಾನ್ಯವಾಗಿ ಈ ಎರಡನೇ ಆಟೋನೇ ಚಾಲೂ ಇರುತ್ತೆ. ಇಬ್ಬರೂ ಅಣ್ಣತಮ್ಮಂದಿರು, ಆದ್ರೆ ಒಬ್ಬರಲ್ಲ. ವೈವಾದಲ್ಲಿ ಈ ವ್ಯತ್ಯಾಸ ಕೇಳಿ ನೋಡಿ, ಅರ್ಧ ತರಗತಿ ಮೌನ.

ಭಾಗ 2/6: ಟೈಮ್‌ಬೇಸ್ ಅಂದ್ರೆ ನೀವು ಕೇಳೋ ಪ್ರಶ್ನೆ

ಪರದೆಯ ಮೇಲೆ ಚೌಕಗಳಿವೆಯಲ್ಲ, ಅಡ್ಡಕ್ಕೆ ಸಾಮಾನ್ಯವಾಗಿ 10 (ಹೊಸ ಸ್ಕೋಪ್‌ಗಳಲ್ಲಿ 12, 14 ಕೂಡ ಇರಬಹುದು, ಎಣಿಸಿಕೊಳ್ಳಿ). ಒಂದು ಚೌಕಕ್ಕೆ ಎಷ್ಟು ಸಮಯ ಅಂತ ಹೇಳೋದೇ ಟೈಮ್‌ಬೇಸ್ ನಾಬ್. 1, 2, 5ರ ಹೆಜ್ಜೆಯಲ್ಲಿ ಹೋಗುತ್ತೆ: 100, 200, 500 ಮೈಕ್ರೋಸೆಕೆಂಡ್, ಆಮೇಲೆ 1 ಮಿಲಿಸೆಕೆಂಡ್.

ಲೆಕ್ಕ ಬಾಯಲ್ಲೇ ಮಾಡಬಹುದು. 1 ಕಿಲೋಹರ್ಟ್ಸ್ ಅಲೆಯ ಒಂದು ಸುತ್ತು 1 ಮಿಲಿಸೆಕೆಂಡ್. ಚೌಕಕ್ಕೆ 200 ಮೈಕ್ರೋಸೆಕೆಂಡ್ ಇಟ್ಟರೆ 10 ಚೌಕಕ್ಕೆ 2 ಮಿಲಿಸೆಕೆಂಡ್, ಅಂದ್ರೆ ಎರಡು ಸುತ್ತು ಕಾಣುತ್ತೆ. 50 ಹರ್ಟ್ಸ್ ಆದ್ರೆ ಒಂದು ಸುತ್ತು 20 ಮಿಲಿಸೆಕೆಂಡ್, ಚೌಕಕ್ಕೆ 5 ಮಿಲಿಸೆಕೆಂಡ್ ಇಟ್ಟರೆ ನಾಲ್ಕು ಚೌಕ. ಈ ಲೆಕ್ಕ ಮಾಡಿ ನಾಬ್ ತಿರುಗಿಸಿದವನಿಗೆ, ಬಂದ ಚಿತ್ರ ಸರಿಯೋ ತಪ್ಪೋ ಗೊತ್ತಾಗುತ್ತೆ. ಆಟೋ ಒತ್ತಿದವನಿಗೆ ಬಂದಿದ್ದೇ ಸರಿ.

ಅದಕ್ಕಿಂತ ಮುಖ್ಯವಾದ ಮಾತು: ಒಂದೇ ಸಿಗ್ನಲ್, ಬೇರೆ ಬೇರೆ ಟೈಮ್‌ಬೇಸ್‌ನಲ್ಲಿ ಬೇರೆ ಬೇರೆ ಕಥೆ ಹೇಳುತ್ತೆ. 1 ಕಿಲೋಹರ್ಟ್ಸ್ ಚೌಕಾಕಾರದ ಅಲೆಯ ಏರು ಅಂಚು 200 ಮೈಕ್ರೋಸೆಕೆಂಡ್‌ನಲ್ಲಿ ಗೋಡೆ ಥರ ನೆಟ್ಟಗೆ. ಅದನ್ನೇ 20 ನ್ಯಾನೋಸೆಕೆಂಡ್‌ಗೆ ಹಿಗ್ಗಿಸಿ ನೋಡಿ, ಗೋಡೆ ಇಳಿಜಾರಾಗುತ್ತೆ, ತುದಿಯಲ್ಲಿ ಸ್ಪ್ರಿಂಗ್ ಥರ ಕುಣಿತ ಕೂಡ ಕಾಣಬಹುದು. ಎರಡೂ ನಿಜ. "ಎಷ್ಟು ಸಲ ಬರುತ್ತೆ" ಅನ್ನೋದು ಒಂದು ಪ್ರಶ್ನೆ, "ಹೇಗೆ ಏರುತ್ತೆ" ಅನ್ನೋದು ಇನ್ನೊಂದು. ಆಟೋಸೆಟ್‌ಗೆ ಮೊದಲನೇ ಪ್ರಶ್ನೆ ಮಾತ್ರ ಗೊತ್ತು. ನಿಮ್ಮ ಪ್ರಶ್ನೆ ಯಾವುದು ಅಂತ ಅದಕ್ಕೆ ಯಾರು ಹೇಳ್ತಾರೆ?

ಡಿಜಿಟಲ್ ಸ್ಕೋಪ್‌ನಲ್ಲಿ ಇನ್ನೊಂದು ಅಪಾಯ ಇದೆ. ಮೆಮೊರಿ 10,000 ಪಾಯಿಂಟ್ ಅಂತಿಟ್ಟುಕೊಳ್ಳಿ. ಚೌಕಕ್ಕೆ 100 ಮಿಲಿಸೆಕೆಂಡ್ ಇಟ್ಟರೆ ಇಡೀ ಪರದೆ 1 ಸೆಕೆಂಡ್, ಅಂದ್ರೆ ಸೆಕೆಂಡಿಗೆ 10,000 ಸ್ಯಾಂಪಲ್ ಮಾತ್ರ. ಡಬ್ಬಿ ಮೇಲೆ ಕೋಟಿಗಟ್ಟಲೆ ಸ್ಯಾಂಪಲ್ ಅಂತ ಅಚ್ಚಾಗಿರಲಿ, ಈ ಸೆಟ್ಟಿಂಗ್‌ನಲ್ಲಿ ಸಿಗೋದು ಅಷ್ಟೇ. ಈಗ 9,995 ಹರ್ಟ್ಸ್ ಸಿಗ್ನಲ್ ಕೊಟ್ಟು ನೋಡಿ: ಪರದೆ ಮೇಲೆ ಅಚ್ಚುಕಟ್ಟಾದ 5 ಹರ್ಟ್ಸ್ ಅಲೆ ಬರುತ್ತೆ! ಇದು ಏಲಿಯಾಸಿಂಗ್. ಸ್ಕೋಪ್ ಕೆಟ್ಟಿಲ್ಲ, ನಾವು ಕಿಟಕಿಯನ್ನ ಅಷ್ಟು ಅಗಲ ತೆರೆದಿದ್ದಕ್ಕೆ ಅದು ತೆತ್ತ ಬೆಲೆ. ಈಗಿನ ಸ್ಕೋಪ್‌ಗಳಲ್ಲಿ ಮೆಮೊರಿ ಲಕ್ಷಗಟ್ಟಲೆ ಇರೋದ್ರಿಂದ ಇದು ಅಪರೂಪ ಆಗಿದೆ, ಇಲ್ಲದೇ ಹೋಗಿಲ್ಲ. ಅನುಮಾನ ಬಂದ್ರೆ ಟೈಮ್‌ಬೇಸ್ ಬೇಗ ಮಾಡಿ ನೋಡಿ, ಅಥವಾ ಪೀಕ್ ಡಿಟೆಕ್ಟ್ ಹಾಕಿ. ಸುಳ್ಳು ಅಲೆ ಅಲ್ಲೇ ಮುಖವಾಡ ಕಳಚುತ್ತೆ.

ಭಾಗ 3/6: ಟ್ರಿಗರ್, ಅಥವಾ ಜಾತ್ರೆಯ ಕೆಂಪು ಕುದುರೆ

ಫರ್ಡಿನಾಂಡ್ ಬ್ರೌನ್ ಕ್ಯಾಥೋಡ್ ರೇ ಟ್ಯೂಬ್ ಮಾಡಿ ತೋರಿಸಿದ್ದು 1897ರಲ್ಲಿ. ಆದ್ರೆ ಮುಂದೆ ದಶಕಗಟ್ಟಲೆ, ಬಹಳಷ್ಟು ಸ್ಕೋಪ್‌ಗಳಲ್ಲಿ ಚುಕ್ಕೆ ಎಡದಿಂದ ಬಲಕ್ಕೆ ತನ್ನ ಪಾಡಿಗೆ ತಾನು ಓಡ್ತಾನೇ ಇರುತ್ತಿತ್ತು. ಸಿಗ್ನಲ್ ಜೊತೆ ಅದರ ಓಟವನ್ನ ಹೊಂದಿಸೋಕೆ ಒಂದು ಸಿಂಕ್ ನಾಬ್. ಮತ್ತೆ ಮತ್ತೆ ಬರೋ ಅಲೆ ಮಾತ್ರ ಹೇಗೋ ನಿಲ್ಲುತ್ತಿತ್ತು, ಅದೂ ಸಮಯದ ಅಳತೆ ನೆಚ್ಚುವಂತಿರಲಿಲ್ಲ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶುರುವಾದ ಟೆಕ್‌ಟ್ರಾನಿಕ್ಸ್ ಕಂಪನಿ 1947ರಲ್ಲಿ 511 ಅನ್ನೋ ಸ್ಕೋಪ್ ತಂತು. ಅದರ ಹೆಚ್ಚುಗಾರಿಕೆ ಏನು ಗೊತ್ತಾ? ಚುಕ್ಕೆ ಓಡೋದು ಸಿಗ್ನಲ್ ಅಪ್ಪಣೆ ಕೊಟ್ಟಾಗ ಮಾತ್ರ, ಮತ್ತು ಓಡಿದಷ್ಟು ದೂರಕ್ಕೆ ಖಚಿತ ಸಮಯ. ಟ್ರಿಗರ್ ಮತ್ತು ಅಳತೆಯುಳ್ಳ ಟೈಮ್‌ಬೇಸ್. ಸ್ಕೋಪ್ ಬರೀ ನೋಡೋ ಪೆಟ್ಟಿಗೆಯಾಗಿದ್ದದ್ದು ಅಳೆಯೋ ಉಪಕರಣ ಆಗಿದ್ದು ಈ ಎರಡರಿಂದ. ಅದನ್ನೇ ಇವತ್ತು ನಾವು ಸಿಲಬಸ್‌ನಲ್ಲಿ ಒಂದು ಸಾಲು ಬರೆದು ದಾಟಿಬಿಡ್ತೀವಿ.

ಟ್ರಿಗರ್ ಅರ್ಥ ಆಗ್ಬೇಕಾದ್ರೆ ಜಾತ್ರೆಗೆ ಬನ್ನಿ. ತಿರುಗೋ ಮರದ ಕುದುರೆಗಳ ಮುಂದೆ ನಿಂತು ಮನಸ್ಸಿಗೆ ಬಂದಾಗಲೆಲ್ಲ ಫೋಟೋ ತೆಗೀರಿ, ಒಂದರ ಮೇಲೊಂದು ಇಟ್ಟು ನೋಡಿ: ಕಲಸುಮೇಲೋಗರ. ಬದಲಿಗೆ, "ಕೆಂಪು ಕುದುರೆ ಕಂಬದ ಎದುರಿಗೆ ಬಂದಾಗ ಮಾತ್ರ ಕ್ಲಿಕ್" ಅಂತ ನಿಯಮ ಮಾಡ್ಕೊಳ್ಳಿ. ಎಲ್ಲ ಫೋಟೋಗಳೂ ಒಂದೇ ಥರ. ಕುದುರೆಗಳು ನಿಂತಹಾಗೇ ಕಾಣುತ್ತವೆ.

ಆ ಕಂಬವೇ ಟ್ರಿಗರ್ ಲೆವೆಲ್: ಇಷ್ಟು ವೋಲ್ಟ್ ದಾಟಿದಾಗ. ಯಾವ ಕಡೆಯಿಂದ ದಾಟಬೇಕು ಅನ್ನೋದು ಸ್ಲೋಪ್: ಏರುವಾಗಲೋ ಇಳಿಯುವಾಗಲೋ. ಯಾವ ಚಾನೆಲ್ ನೋಡಬೇಕು ಅನ್ನೋದು ಸೋರ್ಸ್. ಅಲೆ ಪರದೆ ಮೇಲೆ ಓಡಾಡ್ತಿದೆ ಅಂದ್ರೆ ಹೆಚ್ಚಾಗಿ ಸೋರ್ಸ್ ಅಥವಾ ಲೆವೆಲ್ ತಪ್ಪಿರುತ್ತೆ. ಸೋರ್ಸ್ ಚಾನೆಲ್ 2ರಲ್ಲಿದ್ದು ಪ್ರೋಬ್ ಚಾನೆಲ್ 1ರಲ್ಲಿರಬಹುದು, ಅಥವಾ ಲೆವೆಲ್ ಅಲೆಯ ತಲೆಯ ಮೇಲೆ ಆಕಾಶದಲ್ಲಿರಬಹುದು. ಅದನ್ನ ನೋಡದೆ "ಸ್ಕೋಪ್ ಸರಿ ಇಲ್ಲ ಸರ್" ಅನ್ನೋದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಭಾಗ 4/6: 2 ಮಿಲಿಸೆಕೆಂಡ್‌ನ ಕಳ್ಳ

ಈಗ ನಿಜವಾದ ಪರೀಕ್ಷೆ. ಆರ್ಡುಯಿನೋ ಊನೋ ಬೋರ್ಡ್, ಅದೇ 5 ವೋಲ್ಟ್ ಲೈನ್‌ನಲ್ಲಿ ಒಂದು ಪುಟ್ಟ ಡಿಸಿ ಮೋಟರ್. ಮೋಟರ್ ಚಾಲೂ ಆದಾಗ ಒಮ್ಮೊಮ್ಮೆ ಬೋರ್ಡ್ ರೀಸೆಟ್ ಆಗುತ್ತೆ. ಪ್ರಾಜೆಕ್ಟ್ ಮಾಡೋ ಪ್ರತಿ ಬ್ಯಾಚ್‌ನಲ್ಲೂ ಒಂದು ತಂಡಕ್ಕಾದ್ರೂ ಈ ಗ್ರಹಚಾರ ತಪ್ಪಿದ್ದಲ್ಲ.

ಮಲ್ಟಿಮೀಟರ್ ಇಟ್ಟರೆ 5 ವೋಲ್ಟ್. ಸ್ಕೋಪ್ ಇಟ್ಟು ಆಟೋಸೆಟ್ ಒತ್ತಿದ್ರೆ ನೆಟ್ಟಗಿನ ಗೆರೆ. "ಸಪ್ಲೈ ಚೆನ್ನಾಗಿದೆ, ಕೋಡ್‌ನಲ್ಲೇ ಏನೋ ಇದೆ" ಅಂತ ತೀರ್ಮಾನ. ಆಮೇಲೆ ಮೂರು ರಾತ್ರಿ ಕೋಡ್ ತಿದ್ದೋದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಆಗ್ತಿರೋದು ಇಷ್ಟು: ನಿಂತ ಮೋಟರ್ ಹೊರಡುವಾಗ ಓಡುವಾಗಿನ ಕರೆಂಟ್‌ನ ಹಲವು ಪಟ್ಟು ಎಳೆಯುತ್ತೆ. ಲೈನ್ ಒಂದೆರಡು ಮಿಲಿಸೆಕೆಂಡ್ ಕುಸಿಯುತ್ತೆ. ಊನೋದಲ್ಲಿರೋ ಚಿಪ್‌ನ ಬ್ರೌನ್‌ಔಟ್ ಮಿತಿ ಸುಮಾರು 2.7 ವೋಲ್ಟ್, ಅದಕ್ಕಿಂತ ಕೆಳಗೆ ಇಳಿದ್ರೆ ಚಿಪ್ ತಾನಾಗೇ ರೀಸೆಟ್. ಈ ಕುಸಿತ ಆಟೋ ಮೋಡ್‌ನಲ್ಲಿ ಪರದೆ ಮೇಲೆ ಬಂದ್ರೂ, ಮರುಕ್ಷಣವೇ ಮುಂದಿನ ನೆಟ್ಟಗಿನ ಗೆರೆ ಅದನ್ನ ಅಳಿಸಿಬಿಡುತ್ತೆ. ಕಣ್ಣು ಮಿಟುಕಿಸಿದ್ರೆ ಹೋಯ್ತು.

ಹಿಡಿಯೋದು ಹೇಗೆ? ವೋಲ್ಟ್ ಚೌಕಕ್ಕೆ 1. ಟೈಮ್‌ಬೇಸ್ ಚೌಕಕ್ಕೆ 1 ಮಿಲಿಸೆಕೆಂಡ್. ಸ್ಲೋಪ್ ಇಳಿಯುವ ಕಡೆ. ಲೆವೆಲ್ 4.5 ವೋಲ್ಟ್. ಟ್ರಿಗರ್ ಕಪ್ಲಿಂಗ್ ಡಿಸಿ, ಯಾಕಂದ್ರೆ ಎಸಿ ಹಾಕಿದ್ರೆ ಆ 5 ವೋಲ್ಟೇ ಸೋಸಿಹೋಗಿ 4.5ಕ್ಕೆ ಅರ್ಥ ಇರೋದಿಲ್ಲ. ಟ್ರಿಗರ್ ಬಿಂದುವನ್ನ ಎಡದಿಂದ ಎರಡು ಮೂರು ಚೌಕದ ಹತ್ತಿರ ಇಡಿ. ಈಗ ಸಿಂಗಲ್ ಒತ್ತಿ, ಮೋಟರ್ ಚಾಲೂ ಮಾಡಿ. ಸ್ಕೋಪ್ ಬೇಟೆಗಾರನ ಥರ ಕಾದು ಕೂತಿರುತ್ತೆ, ಕುಸಿತ ಬಂದ ಕ್ಷಣ ಹಿಡಿದು ನಿಲ್ಲಿಸುತ್ತೆ. ಡಿಜಿಟಲ್ ಸ್ಕೋಪ್ ಸದಾ ಬರೆದುಕೊಳ್ತಾನೇ ಇರೋದ್ರಿಂದ, ಟ್ರಿಗರ್‌ಗಿಂತ ಮುಂಚೆ ಏನಾಯ್ತು ಅನ್ನೋದೂ ಸಿಗುತ್ತೆ.

ಮೂರು ಮೋಡ್‌ಗಳನ್ನ ಹೀಗೆ ನೆನಪಿಡಿ. ಆಟೋ: "ಸಿಗ್ಲಿ ಬಿಡ್ಲಿ, ಏನಾದ್ರೂ ತೋರಿಸು." ನಾರ್ಮಲ್: "ಸಿಕ್ಕಾಗಲೆಲ್ಲ ತೋರಿಸು, ಸಿಗದಿದ್ರೆ ಹಳೇದನ್ನೇ ಹಿಡಿದುಕೋ." ಸಿಂಗಲ್: "ಒಂದು ಸಲ ಸಿಕ್ಕರೆ ಸಾಕು, ನಿಂತುಬಿಡು." ನಾರ್ಮಲ್‌ನಲ್ಲಿ ಪರದೆ ಖಾಲಿ ಇದ್ರೆ ಗಾಬರಿ ಬೇಡ. ನೀವು ಹೇಳಿದ ಘಟನೆ ಇನ್ನೂ ನಡೆದಿಲ್ಲ ಅಂತಲೋ, ಲೆವೆಲ್ ತಪ್ಪಿದೆ ಅಂತಲೋ ಅರ್ಥ. ಖಾಲಿ ಪರದೆಯೂ ಒಂದು ಉತ್ತರವೇ.

ಭಾಗ 5/6: ಎರಡು ಸಣ್ಣ ಉಪಾಯ, ದೊಡ್ಡ ಲಾಭ

ಜಾತ್ರೆಯ ಕುದುರೆಗಳಲ್ಲಿ ಮೂರು ಕೆಂಪು ಇದ್ರೆ? ಮತ್ತೆ ಕಲಸುಮೇಲೋಗರ. ಸೀರಿಯಲ್ ಡೇಟಾ ಹೀಗೇ. 9600 ಬಾಡ್‌ನಲ್ಲಿ ಒಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡ್. ಸ್ಟಾರ್ಟ್, ಸ್ಟಾಪ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್, ಸುಮಾರು 1.04 ಮಿಲಿಸೆಕೆಂಡ್. ಐದು ಅಕ್ಷರದ ಸಂದೇಶ ಬಿಡುವಿಲ್ಲದೆ ಬಂದ್ರೆ 5.2 ಮಿಲಿಸೆಕೆಂಡ್. ಅದು ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ಬರ್ತಿದೆ ಅಂದುಕೊಳ್ಳಿ. ಒಳಗೆ ಇಳಿಯುವ ಅಂಚುಗಳು ಎಷ್ಟೋ. ಟೈಮ್‌ಬೇಸ್ ಬೇಗ ಇದ್ದಾಗ ಸ್ಕೋಪ್ ಸಿಕ್ಕಿದ್ದಕ್ಕೆಲ್ಲ ಕ್ಲಿಕ್ ಮಾಡುತ್ತೆ. ಇದಕ್ಕೆ ಮದ್ದು ಹೋಲ್ಡ್‌ಆಫ್: ಒಂದು ಸಲ ಕ್ಲಿಕ್ ಆದ ಮೇಲೆ ಇಷ್ಟು ಹೊತ್ತು ಕಣ್ಣು ಮುಚ್ಚಿಕೋ. 20 ಮಿಲಿಸೆಕೆಂಡ್ ಇಟ್ಟರೆ, ಕಣ್ಣು ತೆರೆಯುವಾಗ ಸಂದೇಶ ಮುಗಿದು ಲೈನ್ ಸುಮ್ಮನಿರುತ್ತೆ. ಮುಂದೆ ಸಿಗೋ ಮೊದಲ ಅಂಚು ಹೊಸ ಸಂದೇಶದ ಸ್ಟಾರ್ಟ್ ಬಿಟ್ಟೇ. ಚಿತ್ರ ಕಲ್ಲಿನ ಥರ ನಿಲ್ಲುತ್ತೆ.

ಎರಡನೆಯದು ಲೈನ್ ಟ್ರಿಗರ್. ಮೇನ್ಸ್‌ಗೆ ಸಿಕ್ಕಿಸೋ ಬೆಂಚ್ ಸ್ಕೋಪ್‌ಗಳಲ್ಲಿ ಸೋರ್ಸ್ ಪಟ್ಟಿಯಲ್ಲಿ ಇದು ಇರುತ್ತೆ. ಸ್ಕೋಪ್ ತನ್ನ ಪ್ಲಗ್‌ನಿಂದಲೇ 50 ಹರ್ಟ್ಸ್ ತಾಳ ತಗೊಳ್ಳುತ್ತೆ, ಮೇನ್ಸ್‌ಗೆ ಪ್ರೋಬ್ ತಾಗಿಸೋ ಹುಚ್ಚು ಸಾಹಸ ಬೇಕಿಲ್ಲ. ನಿಮ್ಮ ಸಪ್ಲೈನಲ್ಲಿ ಏನೋ ಗಲೀಜು ಇದೆ. ಎಲ್ಲಿಂದ ಬಂತು? ಲೈನ್ ಟ್ರಿಗರ್ ಹಾಕಿ. ಗಲೀಜು ನಿಂತರೆ ಅದು ಮೇನ್ಸ್‌ನ ಸಂತಾನ; ಬ್ರಿಡ್ಜ್ ರೆಕ್ಟಿಫೈಯರ್‌ನ ರಿಪಲ್ ಆದ್ರೆ 100 ಹರ್ಟ್ಸ್, ಚೌಕಕ್ಕೆ 5 ಮಿಲಿಸೆಕೆಂಡ್‌ನಲ್ಲಿ 10 ಚೌಕಕ್ಕೆ ಐದು ಗುಡ್ಡ. ಗಲೀಜು ಜಾರಿಕೊಂಡು ಓಡ್ತಿದ್ರೆ ಮೂಲ ಬೇರೆ ಕಡೆ, ಸ್ವಿಚಿಂಗ್ ಸಪ್ಲೈನೋ ಮೋಟರೋ ನೋಡಿ. ಒಂದೇ ಸೆಟ್ಟಿಂಗ್ ಬದಲಾವಣೆ, ಹುಡುಕೋ ಜಾಗ ಅರ್ಧಕ್ಕೆ ಇಳೀತು. ಈ ಜಾಣತನ ಯಾವ ಆಟೋ ಬಟನ್‌ಗೂ ಇಲ್ಲ.

ಭಾಗ 6/6: ಹಾಗಾದ್ರೆ ಏನು ಮಾಡೋಣ?

"ಮೂರು ಗಂಟೆ ಲ್ಯಾಬ್, ಒಂದು ಸ್ಕೋಪ್‌ಗೆ ನಾಲ್ಕು ಜನ, ಇದೆಲ್ಲ ಎಲ್ಲಿ ಕಲಿಸೋದು?" ಅಂತ ಅಧ್ಯಾಪಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೊತ್ತಿರೋ ಸಿಗ್ನಲ್ ಬಂದಿದೆಯಾ ಅಂತ ಒಮ್ಮೆ ನೋಡೋಕೆ ಆಟೋಸೆಟ್ ಒಳ್ಳೇದೇ. ಅನುಭವಸ್ಥರೂ ಒತ್ತುತ್ತಾರೆ. ಆದ್ರೆ ಅವರು ಒತ್ತಿದ ಮೇಲೆ ನಾಬ್‌ಗೆ ಕೈ ಹಾಕ್ತಾರೆ, ನಮ್ಮ ವಿದ್ಯಾರ್ಥಿ ಒತ್ತಿದ ಮೇಲೆ ಮೊಬೈಲ್‌ಗೆ ಕೈ ಹಾಕ್ತಾನೆ. ವ್ಯತ್ಯಾಸ ಅಲ್ಲಿದೆ.

ನನ್ನ ಸಲಹೆ ದುಬಾರಿಯದ್ದಲ್ಲ. ಒಂದು, ಮೊದಲ ಎರಡು ಲ್ಯಾಬ್‌ಗಳಲ್ಲಿ ಆ ಬಟನ್ ಮೇಲೆ ಟೇಪ್ ಅಂಟಿಸಿ. ಕಾಲೇಜುಗಳಿಗಾಗಿಯೇ ಬರೋ ಕೆಲವು ಸ್ಕೋಪ್‌ಗಳಲ್ಲಿ ಆಟೋಸೆಟ್‌ಗೆ ಬೀಗ ಹಾಕೋ ಸೌಲಭ್ಯವೇ ಇದೆ. ಮಾಡಿದವರಿಗೇ ಈ ಕಾಯಿಲೆ ಗೊತ್ತಿತ್ತು ಅಂತಾಯ್ತು. ಎರಡು, ರೆಕಾರ್ಡ್‌ನಲ್ಲಿ ಅಲೆಯ ಚಿತ್ರದ ಪಕ್ಕ ನಾಲ್ಕು ಸಾಲು ಕಡ್ಡಾಯ ಮಾಡಿ: ಟೈಮ್‌ಬೇಸ್ ಎಷ್ಟು, ಸೋರ್ಸ್ ಯಾವುದು, ಲೆವೆಲ್ ಎಷ್ಟು, ಮೋಡ್ ಯಾವುದು, ಮತ್ತು ಯಾಕೆ. ಮೂರು, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದೇ ಒಂದು ಸಲ ಬರೋ ಸಿಗ್ನಲ್ ಕೊಡಿ. ಒಂದು ಸ್ವಿಚ್, ಒಂದು ರೆಸಿಸ್ಟರ್ ಸಾಕು. ಸ್ವಿಚ್ ಒತ್ತಿದಾಗ ಅದರ ಕಾಂಟ್ಯಾಕ್ಟ್ ಎಷ್ಟು ಸಲ ಪುಟಿಯಿತು ಅಂತ ಹಿಡಿದು ತೋರಿಸಲಿ. ಹಿಡಿದವರಿಗೆ ಪೂರ್ತಿ ಅಂಕ.

ವಿದ್ಯಾರ್ಥಿಗಳೇ, ನಿಮಗೆ ಕಾಲೇಜಿನ ಅಪ್ಪಣೆ ಬೇಕಿಲ್ಲ. ಮುಂದಿನ ಲ್ಯಾಬ್‌ನಲ್ಲಿ ಸ್ಕೋಪ್‌ನದ್ದೇ ಕ್ಯಾಲಿಬ್ರೇಷನ್ ಕೊಕ್ಕೆಗೆ ಪ್ರೋಬ್ ಸಿಕ್ಕಿಸಿ, ಅಲ್ಲಿ ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಚೌಕಾಲೆ ಇರುತ್ತೆ. ಸೆಟ್ಟಿಂಗ್ ಎಲ್ಲ ಕೆಡಿಸಿ, ಆಟೋ ಮುಟ್ಟದೆ ಅಲೆಯನ್ನ ನಿಲ್ಲಿಸಿ. ಮೊದಲ ಸಲ ಐದು ನಿಮಿಷ ಹಿಡಿಯಬಹುದು, ಹತ್ತನೇ ಸಲ ಹತ್ತು ಸೆಕೆಂಡ್.

ಬೋರ್ಡ್ ಕೆಟ್ಟಾಗ ಅದು ಯಾವಾಗ, ಎಷ್ಟು ಹೊತ್ತು ಕೆಡುತ್ತೆ ಅಂತ ಕೇಳೋಕೆ ಬರೋರು ಬೇಕು. ಆ ಪ್ರಶ್ನೆ ಕೇಳೋ ಕೆಲಸವನ್ನ ಬಟನ್‌ಗೆ ಬಿಡಬೇಡಿ.

ಲ್ಯಾಬ್ ಪಾರ್ಟ್ನರ್‌ಗೆ ಕಳಿಸಿ, ಸೇವ್ ಮಾಡ್ಕೊಳ್ಳಿ. ನಿಮ್ಮ ಕಾಲೇಜಲ್ಲಿ ಹೇಗೆ ಕಲಿಸ್ತಾರೆ ಅಂತ ಕೆಳಗೆ ಬರೀರಿ.

#ಆಸಿಲೋಸ್ಕೋಪ್ #ಟ್ರಿಗರ್ #ಎಲೆಕ್ಟ್ರಾನಿಕ್ಸ್‌ಕನ್ನಡದಲ್ಲಿ